ನೆರಳಿಗೂ ಒಂದು ಪಾಲು

‘ಫೋಟೊಗ್ರಫಿ’ ಎಂಬ ಗ್ರೀಕ್ ಮೂಲದ ಮಾತಿಗೆ ಬೆಳಕಿನ ಬರಹವೆಂದು ಅರ್ಥ. ಕನ್ನಡದಲ್ಲಿ ನಾವು ಅದನ್ನು ಛಾಯಾಗ್ರಹಣವೆಂದೆವು, ಛಾಯೆಯೆಂದರೆ ನೆರಳು. ಈ ಹೆಸರಿನ ಔಚಿತ್ಯ ನನಗೆ ಹೊಳೆದದ್ದು ಆಗುಂಬೆಯ ಕಾಡಿನ ಚಿತ್ರಗಳನ್ನು ತೆಗೆಯತೊಡಗಿದ ಮೇಲೆ.

ದಟ್ಟವಾದ ನಿತ್ಯಹರಿದ್ವರ್ಣದ ಕಾಡಿನಲ್ಲಿ ಬಿಸಿಲು ನೂರಕ್ಕೆ 2 ಪಾಲು ನೆಲ ಮುಟ್ಟಿದರೆ ಹೆಚ್ಚು. ಮೇಲೆ ಹೊಳೆಯುವ ಎಲೆ, ಕೆಳಗೆ ಕತ್ತಲು. ಎರಡನ್ನೂ ಕ್ಯಾಮೆರಾ ಒಂದೇ ಸಲಕ್ಕೆ ಹಿಡಿಯಲಾರದು. ಇಂದಿನ ಯಂತ್ರಗಳು ಹಲವು ಚಿತ್ರಗಳನ್ನು ಬೆರೆಸಿ ನೆರಳನ್ನೆಲ್ಲ ತಿಳಿಯಾಗಿಸುತ್ತವೆ. ಎಲ್ಲ ಎಲೆಯೂ ಕಾಣುತ್ತದೆ. ಕಾಡು ಮಾತ್ರ ತೋಟದಂತಾಗುತ್ತದೆ.

ಇದ್ದುದನ್ನೇ ತೋರಿಸಿದರೆ ಅದು ಸುಳ್ಳು ಹೇಗಾದೀತು, ಕಣ್ಣೂ ಕತ್ತಲಿಗೆ ಒಗ್ಗಿ ನೋಡುವುದಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಕಣ್ಣು ಒಗ್ಗುವುದಕ್ಕೆ ಹೊತ್ತು ಬೇಕು. ಆ ಹೊತ್ತೇ ಕಾಡಿಗೆ ನಾವು ತೋರುವ ಮರ್ಯಾದೆ. ಅದೇ ಮಬ್ಬಿನಲ್ಲಿ ಸಸಿಗಳು, ಹಿರಿಯ ಮರವೊಂದು ಉರುಳಿ ಬಿಸಿಲು ಇಳಿಯುವವರೆಗೆ, ವರ್ಷಗಟ್ಟಲೆ ಕಾದಿರುತ್ತವೆ. ನೆರಳನ್ನು ತೊಡೆದರೆ ಆ ಕಾಯುವಿಕೆಯನ್ನೂ ತೊಡೆದಂತೆ.

ಆದ್ದರಿಂದ ಕತ್ತಲನ್ನು ಕತ್ತಲಾಗಿಯೇ ಬಿಡುತ್ತೇನೆ. ‘ಇಲ್ಲೇನೂ ಕಾಣದಲ್ಲ’ ಎಂದು ಯಾರಾದರೂ ಕೇಳಿದರೆ, ಅಲ್ಲಿ ನನಗೂ ಕಾಣಲಿಲ್ಲವೆಂದು ಹೇಳಬಲ್ಲೆ.