ಕಾಣೆಯಾದವನ ಮನೆಯಲ್ಲಿ ಆಡಬೇಕಾದ ಮಾತು

ಯುದ್ಧದಲ್ಲಿ ಮಡಿದವನ ಮನೆಗೆ ಹೋದವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಲೋಕರೂಢಿಯು ಬಹುಕಾಲದಿಂದ ಕಲಿಸಿಕೊಟ್ಟಿದೆ. ಅಲ್ಲಿ ಅಳುವುದಕ್ಕೆ ದಿನಗಳುಂಟು, ನಡೆಸುವುದಕ್ಕೆ ಕರ್ಮಗಳುಂಟು. ಆದರೆ ‘ಕಾಣೆಯಾಗಿದ್ದಾನೆ’ ಎಂಬ ತಂತಿ ಬಂದ ಮನೆಯ ಹೊಸ್ತಿಲು ದಾಟುವವನಿಗೆ ಅಂತಹ ಆಧಾರವೊಂದೂ ಇಲ್ಲ. ‘ಚಿಂತೆ ಬೇಡ, ಬಂದೇ ಬರುತ್ತಾನೆ’ ಎನ್ನುವುದೋ, ‘ಮನಸ್ಸನ್ನು ಗಟ್ಟಿಮಾಡಿಕೊಳ್ಳಿ’ ಎನ್ನುವುದೋ? ಮೊದಲನೆಯದು ಸುಳ್ಳಾಗಬಹುದು, ಎರಡನೆಯದು ಬದುಕಿರುವವನನ್ನು ಮಾತಿನಿಂದಲೇ ಕೊಂದಂತಾಗಬಹುದು. ಸಾಂತ್ವನವು ಸತ್ಯಕ್ಕೆ ಎಷ್ಟರಮಟ್ಟಿಗೆ ಕಟ್ಟುಬಿದ್ದಿದೆಯೆಂಬ ಪ್ರಶ್ನೆಯು ಇಂತಹ ಮನೆಯಲ್ಲಿ ಬರಿಯ ತರ್ಕವಾಗಿ ಉಳಿಯುವುದಿಲ್ಲ.

1865ರಲ್ಲಿ ಮುಂಬಯಿಯಲ್ಲಿ ಜನಿಸಿದ ಆಂಗ್ಲ ಗ್ರಂಥಕರ್ತ ರಡ್ಯರ್ಡ್ ಕಿಪ್ಲಿಂಗನಿಗೆ ಜಾನ್ ಎಂಬ ಒಬ್ಬನೇ ಮಗನಿದ್ದನು. ಹುಡುಗನ ದೃಷ್ಟಿ ಬಹಳ ಮಂದವಾಗಿದ್ದುದರಿಂದ ಸೈನ್ಯವು ಅವನನ್ನು ಒಲ್ಲೆನೆಂದಿತು. ತಂದೆಯು ವೃದ್ಧ ಸೇನಾನಿಯಾದ ಲಾರ್ಡ್ ರಾಬರ್ಟ್ಸನ ಸ್ನೇಹವನ್ನು ಬಳಸಿ ಐರಿಷ್ ಗಾರ್ಡ್ಸ್ ದಳದಲ್ಲಿ ಅವನಿಗೆ ಸ್ಥಾನವನ್ನು ದೊರಕಿಸಿಕೊಟ್ಟನು. 1915ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್ ಕಾಳಗದಲ್ಲಿ ಜಾನ್ ಕಾಣೆಯಾದನು. ಅವನಿಗೆ 18 ವರ್ಷ ತುಂಬಿ ಆರು ವಾರವೂ ಕಳೆದಿರಲಿಲ್ಲ. ತಾಯಿತಂದೆಗಳು ಗಾಯಾಳುಗಳನ್ನು ಅರಸಿಕೊಂಡು ಹೋಗಿ ಪ್ರಶ್ನಿಸಿದರು. ಶತ್ರುಗಳ ಸಾಲಿನ ಮೇಲೆ ವಿಮಾನದಿಂದ ಕರಪತ್ರಗಳನ್ನು ಸಹ ಬೀಳಿಸಲಾಯಿತು.

ಈ ಹುಡುಕಾಟದಲ್ಲಿ ಕಿಪ್ಲಿಂಗನ ಆಪ್ತಮಿತ್ರ, ಕಾದಂಬರಿಕಾರ ರೈಡರ್ ಹ್ಯಾಗರ್ಡನೂ ಕೈಜೋಡಿಸಿದನು. ಅದೇ ದಳದ ಸೈನಿಕನೊಬ್ಬನಿಂದ ಅವನಿಗೊಂದು ಸಂಗತಿ ತಿಳಿದುಬಂದಿತು. ಸಿಡಿಗುಂಡಿನ ಚೂರಿನಿಂದ ಬಾಯಿ ಛಿದ್ರವಾಗಿ, ಅದಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳಲು ಹೆಣಗುತ್ತ, ನೋವಿನಿಂದ ಅಳುತ್ತ ಜಾನ್ ಹಿಂದಕ್ಕೆ ನಡೆದುಬರುತ್ತಿದ್ದುದನ್ನು ಆ ಸೈನಿಕನು ಕಂಡಿದ್ದನಂತೆ. ಅಧಿಕಾರಿಯ ಕಣ್ಣೀರನ್ನು ನೋಡಿ ನೆರವಿಗೆ ಹೋದರೆ ಅವನಿಗೆ ಅವಮಾನವಾದೀತೆಂದು ದೂರವೇ ಉಳಿದನಂತೆ. ಹ್ಯಾಗರ್ಡನು ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟು, ಇದು ನಿಜವೇ ಇರಬೇಕೆಂದು ಭಯಪಟ್ಟರೂ, ಮಿತ್ರನಿಗೆ ತಿಳಿಸದಿರಲು ನಿಶ್ಚಯಿಸಿದನು.

ಹ್ಯಾಗರ್ಡನು ಸುಳ್ಳಾಡಲಿಲ್ಲ, ಸುಮ್ಮನಾದನು. ಅಳುವ ಮಗನ ಚಿತ್ರವನ್ನು ತಂದೆಯ ಕಣ್ಣಿಗೆ ಕಟ್ಟದಿದ್ದುದನ್ನು ಯಾರೂ ದೂರಲಾರರು. ಆದರೆ ಆ ಚಿತ್ರದೊಳಗೆ ಇನ್ನೊಂದು ವಿಷಯವಿತ್ತು: ಕೊನೆಯದಾಗಿ ಕಂಡಾಗ ಜಾನ್ ಜೀವದಿಂದಿದ್ದನು, ತನ್ನ ಕಾಲಮೇಲೆಯೇ ನಡೆಯುತ್ತಿದ್ದನು. ಎಲ್ಲಿ, ಯಾವ ದಿಕ್ಕಿಗೆ, ಎಂತಹ ಗಾಯದೊಡನೆ ಎಂಬುದು ಹುಡುಕುತ್ತಿದ್ದ ತಾಯಿತಂದೆಗಳಿಗೆ ಸೇರಿದ ಸೊತ್ತು. ಕಣ್ಣೀರನ್ನು ಮುಚ್ಚಿಟ್ಟು ಗಾಯವನ್ನು ತಿಳಿಸಬಹುದಾಗಿತ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಲ್ಲಿ ಅವನ ದಯೆ ತನ್ನ ಎಲ್ಲೆಯನ್ನು ಮೀರಿತು.

ಇಷ್ಟಾದರೂ ಹ್ಯಾಗರ್ಡನ ಮೌನವು, ಊರಿನವರು ಧಾರಾಳವಾಗಿ ಹಂಚುವ ಭರವಸೆಗಿಂತ ಮೇಲು. ‘ಬಂದೇ ಬರುತ್ತಾನೆ’ ಎಂದವನು ಸಂಜೆ ಮನೆಗೆ ಹೋಗಿ ಊಟಮಾಡಿ ನಿದ್ರಿಸುತ್ತಾನೆ. ಆ ಮಾತನ್ನು ಕೇಳಿದ ತಾಯಿ ಬಾಗಿಲಿಗೆ ಅಗಣಿ ಹಾಕದೆ ಕಾಯುತ್ತಾಳೆ. ಎದುರಿಗಿರುವವರ ದುಃಖವನ್ನು ನೋಡಲಾರದ ತನ್ನ ಸಂಕಟಕ್ಕೆ ಅವನು ಮದ್ದು ಹುಡುಕಿಕೊಂಡನೇ ಹೊರತು ಆಕೆಯ ಸಂಕಟಕ್ಕಲ್ಲ.

ಅದೇ ಯುದ್ಧದಲ್ಲಿ ರೆಡ್‌ಕ್ರಾಸ್ ಸಂಘವು ಬೇರೊಂದು ದಾರಿಯನ್ನು ಹಿಡಿಯಿತು. ಅದರ ಶೋಧಕರು ಆಸ್ಪತ್ರೆಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಕಾಣೆಯಾದವರ ಪಟ್ಟಿಯನ್ನು ಹಿಡಿದು ಗಾಯಾಳುಗಳನ್ನು ವಿಚಾರಿಸುತ್ತಿದ್ದರು. ಭಾರತವನ್ನು ಕುರಿತ ಕಾದಂಬರಿಯಿಂದ ಮುಂದೆ ಹೆಸರಾದ ಈ. ಎಂ. ಫಾರ್ಸ್ಟರನು 1915ರಲ್ಲಿ ಅಲೆಕ್ಸಾಂಡ್ರಿಯಕ್ಕೆ ಹೋಗಿ ಮಾಡಿದ್ದು ಈ ಕೆಲಸವನ್ನೇ. ಕಂಡವನಾರು, ಕಣ್ಣಾರೆ ಕಂಡನೇ ಅಥವಾ ಕೇಳಿದನೇ, ಕಾಣೆಯಾದವನ ಗುರುತು ಅವನಿಗಿತ್ತೇ—ಈ ಬಗೆಯ ಪ್ರಶ್ನೆಗಳಿಗೆ ಉತ್ತರವನ್ನು ತಂದುಕೊಡುವವನು ಆಸೆಯನ್ನೂ ಕೊಡುವುದಿಲ್ಲ, ನಿರಾಸೆಯನ್ನೂ ಕೊಡುವುದಿಲ್ಲ. ಮನೆಯವರ ಹುಡುಕಾಟದಲ್ಲಿ ತಾನೂ ಪಾಲುಗಾರನಾಗುತ್ತಾನೆ.

ಹಾಗೆಂದು ‘ಇನ್ನು ಆಸೆ ಬಿಡಿ’ ಎಂಬ ವಿವೇಕಿಗಳ ಮಾತು ಯಾವಾಗಲೂ ಸತ್ಯದ ಪಕ್ಷದಲ್ಲಿರುವುದೆಂದು ತಿಳಿಯಲಾಗದು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹಿಮದಡಿ ಹೂತುಹೋದರು. (ಅದು ಕಾಳಗವಲ್ಲ, ಆದರೆ ಮನೆಯವರ ಕಾಯುವಿಕೆ ಕಾಳಗದ್ದೇ.) ಬದುಕಿರುವ ಸಂಭವವಿಲ್ಲವೆಂದೇ ಎಲ್ಲರೂ ಭಾವಿಸಿದ್ದಾಗ, 8ರಂದು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಉಸಿರಾಡುತ್ತ ಸಿಕ್ಕಿದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮನೆಯವರು ಒಂದೇ ವಾರದಲ್ಲಿ ಎರಡು ಸಲ ಅವರನ್ನು ಕಳೆದುಕೊಂಡರು.

ಕಾಯುವಿಕೆಗೆ ಗಡುವನ್ನು ಯಾರು ಹಾಕಬೇಕು? ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸುವ 1872ರ ಸಾಕ್ಷ್ಯ ಅಧಿನಿಯಮದ ವಿಧಿಯನ್ನು 2023ರ ಅಧಿನಿಯಮವೂ ಉಳಿಸಿಕೊಂಡಿತು. ಧರ್ಮಶಾಸ್ತ್ರದ ಸಂಪ್ರದಾಯವು ಹನ್ನೆರಡು ವರ್ಷ ಕಾದು, ದರ್ಭೆ ಪಲಾಶಗಳ ಪ್ರತಿಕೃತಿಯನ್ನು ಮಾಡಿ ದಹಿಸಲು ಹೇಳಿತು. ಇವೆರಡೂ ಅವನು ಸತ್ತನೆಂದು ಕಂಡು ನುಡಿದ ಮಾತುಗಳಲ್ಲ. ಗಂಡನು ಸತ್ತನೆಂದು ಒಪ್ಪಿಕೊಳ್ಳುವ ಕ್ರೂರ ಭಾರವನ್ನು ಹೆಂಡತಿಯ ಹೆಗಲಿನಿಂದ ಇಳಿಸಿ ಪಂಚಾಂಗದ ಮೇಲೆ ಹೊರಿಸಿದವು. ನೆರೆಹೊರೆಯವರು ಎಷ್ಟು ಮಾತನಾಡಿದರೂ ಇಷ್ಟು ಉಪಕಾರವನ್ನು ಮಾಡಲಾರರು.

ಕಿಪ್ಲಿಂಗನು 1917ರಲ್ಲಿ ಯುದ್ಧ ಸಮಾಧಿಗಳ ಆಯೋಗವನ್ನು ಸೇರಿದನು. ಗುರುತು ಸಿಗದ ಯೋಧರ ಕಲ್ಲುಗಳ ಮೇಲೆ, ಇವನು ಯಾರೆಂಬುದು ದೇವರಿಗೆ ಗೊತ್ತು ಎಂಬರ್ಥದ ಮಾತನ್ನು ಕೆತ್ತಿಸಲು ಸೂಚಿಸಿದವನು ಅವನೇ. 1936ರಲ್ಲಿ ಅವನು ತೀರಿಕೊಳ್ಳುವವರೆಗೂ ಮಗನ ಸಮಾಧಿ ಎಲ್ಲಿದೆಯೆಂದು ತಿಳಿಯಲಿಲ್ಲ. 1992ರಲ್ಲಿ ಲೂಸ್ ಸಮೀಪದ ಸ್ಮಶಾನದಲ್ಲಿ ಹೆಸರಿಲ್ಲದೆ ಇದ್ದ ಒಂದು ಕಲ್ಲಿಗೆ ಆಯೋಗವು ಜಾನನ ಹೆಸರನ್ನು ಕೊಟ್ಟಿತು. ಅದು ಸರಿಯೋ ಅಲ್ಲವೋ ಎಂದು ಸಂಶೋಧಕರು ಅನಂತರವೂ ವಾದಿಸಿದರು.