ಕೊಳ್ಳದವರ ಕಣ್ಣು, ಕೊಂಡವರ ಕಾಲು

2025ರ ಅಕ್ಟೋಬರ್‌ನಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ ಎಂಬ ಸ್ಪೋರ್ಟ್ಸ್ ಸೆಡಾನ್ ಅನ್ನು ಭಾರತಕ್ಕೆ ತಂದಿತು. ತಂದದ್ದು ಬರೀ 100 ಕಾರು. 2020ರಲ್ಲಿ ಇದರ ಹಿಂದಿನ ಅವತಾರ ಬಂದಾಗ 200 ಇದ್ದವು, ಈ ಸಲ ಅದರಲ್ಲೂ ಅರ್ಧ. ಎಕ್ಸ್ ಶೋರೂಂ ಬೆಲೆ 49.99 ಲಕ್ಷ ರೂಪಾಯಿ. ಬೆಲೆ ಇಷ್ಟು ಎಂದು ಕಂಪನಿ ಬಾಯಿಬಿಡುವ ಮೊದಲೇ ನೂರಕ್ಕೆ ನೂರೂ ಬುಕ್ ಆಗಿಹೋಗಿದ್ದವು. ಇಡೀ ದೇಶಕ್ಕೆ ನೂರು ಅಂದರೆ ದೊಡ್ಡಬಳ್ಳಾಪುರದ ಪಾಲಿಗೆ ಎಷ್ಟು ಬಂದೀತು, ನೀವೇ ಲೆಕ್ಕ ಹಾಕಿ.

ಅಭಿಪ್ರಾಯಗಳಿಗೆ ಮಾತ್ರ ಅಂಥ ಮಿತಿ ಇರಲಿಲ್ಲ. ನಾನು ಪಾಠ ಹೇಳುವ ಕಾಲೇಜಿನ ಕಾರಿಡಾರಿನಲ್ಲಿ ವಾರವಿಡೀ ಅದರದೇ ಮಾತು. ಮುಖ ಚೆನ್ನಾಗಿದೆ, ಹಿಂಭಾಗ ಸಪ್ಪೆ. ತಗೊಂಡರೆ ಹಸಿರೇ ತಗೋಬೇಕು. 265 ಪಿಎಸ್ ಪೂರ್ತಿ ಮುಂದಿನ ಚಕ್ರಕ್ಕೇ ಕೊಟ್ಟರೆ ಸ್ಟೀರಿಂಗ್ ಎಳೆದಾಡುತ್ತೆ. ಇನ್ನೊಂದಿಷ್ಟು ದುಡ್ಡು ಹಾಕಿದರೆ ಬಿಎಂಡಬ್ಲ್ಯು ಎಂ340ಐ ಬರುತ್ತಲ್ಲ, ಅದು ಝೀರೋ ಟು ಹಂಡ್ರೆಡ್ 4.4 ಸೆಕೆಂಡು, ಇದು 6.4. ಹೀಗೆ ಪಟ್ಟುಹಿಡಿದು ವಾದಿಸುತ್ತಿದ್ದವರಲ್ಲಿ ಹೆಚ್ಚಿನವರು ಬಸ್‌ಪಾಸ್‌ನಲ್ಲಿ ಬರುವ ಹುಡುಗರು. ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿ ಕೇಳಿಸಿಕೊಂಡು ಕೇಳಿಸಿಕೊಂಡು ಒಂದು ದಿನ ರೇಗಿದರು: “ಕೊಳ್ಳೋ ತಾಕತ್ತಿಲ್ಲದವರಿಗೆ ಯಾತಕ್ಕ್ರೀ ಅಭಿಪ್ರಾಯ?”

ಇದು ಬೈಗುಳದ ಹಾಗೆ ಕೇಳಿದರೂ ಒಳ್ಳೆಯ ಪ್ರಶ್ನೆ. ಒಂದು ವಸ್ತುವಿನ ಚೆಲುವಿನ ಬಗ್ಗೆ, ಕಸುವಿನ ಬಗ್ಗೆ ಮಾತಾಡುವ ಹಕ್ಕು ಎಲ್ಲಿಂದ ಬರುತ್ತದೆ? ಜೇಬಿನಿಂದಲೇ?

ನಮ್ಮ ತಾಲ್ಲೂಕಿನವರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಪೆಂಡಾಲ್ ಹಾಕಿ, ಕೆಳಗೆ ಹುಲ್ಲು ಹಾಸಿ, ಮದುಮಕ್ಕಳ ಹಾಗೆ ನಿಲ್ಲಿಸಿರುತ್ತಾರೆ. ಬೆಲೆ ಲಕ್ಷಗಳಲ್ಲಿ. ಸುತ್ತ ನಿಂತು ನೋಡುವವರಲ್ಲಿ ಕೊಳ್ಳಲು ಬಂದವರು ಎಷ್ಟು ಮಂದಿ? ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರು ಎಲ್ಲೋ ಕೆಲವರು. ಉಳಿದವರೆಲ್ಲ ಬರೀ ನೋಡುವವರು. ಆದರೆ ಆ ನೋಟ ಎಂಥದ್ದು! ಕೊಂಬು ಹಿಂದಕ್ಕೆ ಬಾಗಿದ ರೀತಿ, ಬೆನ್ನಿನ ನೇರ, ಕಾಲಿನ ನಡಿಗೆ, ಮೈಮೇಲಿನ ಸುಳಿ ಎಲ್ಲಿದೆ, ಎರಡು ಹಲ್ಲೋ ನಾಲ್ಕು ಹಲ್ಲೋ, ಜೋಡಿಯಲ್ಲಿ ಎಡದ್ದು ಬಲದ್ದಕ್ಕೆ ಹೊಂದಿದೆಯೋ ಇಲ್ಲವೋ. ಮನೆಯಲ್ಲಿ ಒಂದು ಕರುವೂ ಇಲ್ಲದ ಮುದುಕರು ಮೂರು ಲಕ್ಷದ ಜೋಡಿಯ ಮುಂದೆ ನಿಂತು “ಬಲದ್ದು ಒಂಚೂರು ಗಿಡ್ಡ” ಅನ್ನುತ್ತಾರೆ. ಎತ್ತಿನ ಯಜಮಾನ “ನೀನು ಕೊಳ್ತೀಯಾ?” ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಅವನೇ ಸಣ್ಣವನಾಗುತ್ತಾನೆ. ಆ ಮುದುಕರ ಕಣ್ಣಿಗಾಗಿಯೇ ಅಲ್ಲವೇ ಅವನು ವರ್ಷವಿಡೀ ಸಾಕಿ, ತಿಕ್ಕಿ, ತೊಳೆದು ತಂದಿರುವುದು?

ಕಾಂಟ್ 1790ರ ತನ್ನ ಮೂರನೆಯ ‘ಕ್ರಿಟಿಕ್’ನಲ್ಲಿ ಇದನ್ನೇ ಬೇರೆ ದಾರಿಯಿಂದ ಹೇಳಿದ. ಅವನು ಕೊಡುವ ಉದಾಹರಣೆ ಅರಮನೆಯದು. ಈ ಅರಮನೆ ಚೆಲುವಾಗಿದೆಯೇ ಎಂದು ಕೇಳಿದಾಗ, ನನಗೆ ಅದು ಬೇಕೇ, ಕಟ್ಟಿಸಿದ್ದು ಸರಿಯೇ ಎಂಬುದೆಲ್ಲ ಬೇರೆ ಮಾತು. ಚೆಲುವಿನ ತೀರ್ಪು ಬೇಕುಬೇಡಗಳಿಂದ ಬಿಡಿಸಿಕೊಂಡಿರಬೇಕು. ಹಾಗಾದರೆ ಕೊಳ್ಳುವವನಿಗಿಂತ ಕೊಳ್ಳದವನ ಕಣ್ಣೇ ಶುದ್ಧ. ಕೊಳ್ಳುವವನು ಇಎಂಐ, ಮರುಮಾರಾಟದ ಬೆಲೆ, ಮಾವನ ಮನೆಯವರು ಏನಂದಾರು ಇವುಗಳ ಮೂಲಕ ನೋಡುತ್ತಾನೆ. ಬಸ್‌ಪಾಸಿನ ಹುಡುಗ ಗೆರೆಯನ್ನು ಗೆರೆಯಾಗಿ ನೋಡುತ್ತಾನೆ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಇದು ದಿನನಿತ್ಯದ ಸತ್ಯ. ಮಗ್ಗದ ಮೇಲೆ ಇಳಿಯುವ ಎಷ್ಟೋ ಸೀರೆಗಳನ್ನು ಆ ಮನೆಯ ಹೆಂಗಸರು ಉಡುವುದಿಲ್ಲ. ಆದರೆ ಅಂಚಿಗೆ ಒಡಲು ಹೊಂದಿದೆಯೇ ಎಂದು ಅವರಷ್ಟು ಖಚಿತವಾಗಿ ಯಾವ ಗಿರಾಕಿ ಹೇಳಬಲ್ಲಳು?

ಇದರ ತಿರುವುಮುರುವೂ ಇದೆ, ಅದು ಅಷ್ಟು ಚೆಂದವಲ್ಲ. ದೇವನಹಳ್ಳಿಯ ಸುತ್ತ ಜಮೀನಿನ ಬೆಲೆ ಏರಿದ ಮೇಲೆ ದೊಡ್ಡ ಕಾರು ಕೊಂಡ ರೈತರ ಮಕ್ಕಳನ್ನು ನಗರದ ಕಾರು ಪ್ರೇಮಿಗಳು ಲೇವಡಿ ಮಾಡುವುದನ್ನು ಕೇಳಿದ್ದೇನೆ. “ಅವನಿಗೇನು ಗೊತ್ತು ಚಾಸಿ ಅಂದರೆ, ಲೋಗೋ ನೋಡಿ ತಗೊಂಡಿದ್ದಾನೆ.” ದುಡ್ಡಿಲ್ಲದವನಿಗೆ ಅಭಿಪ್ರಾಯದ ಹಕ್ಕಿಲ್ಲ ಅನ್ನುವುದು ಒಂದು ಜಾತಿಯ ಮಡಿ, ರುಚಿಯಿಲ್ಲದವನಿಗೆ ಕೊಳ್ಳುವ ಹಕ್ಕಿಲ್ಲ ಅನ್ನುವುದು ಇನ್ನೊಂದು ಜಾತಿಯದು. ಎರಡೂ ನನಗೆ ಬೇಡ.

ಇಲ್ಲಿಯವರೆಗೆ ನಾನು ಹುಡುಗರ ಪಕ್ಷ. ಅವರ ಜೊತೆ ಜಗಳ ಶುರುವಾದದ್ದು ಬೇರೆ ಕಡೆ. ಅವರೆಲ್ಲರಿಗೂ ಒಂದು ಗಟ್ಟಿ ನಂಬಿಕೆ: ಸ್ಟೈಲಿಂಗ್ ಮೇಲುಮೇಲಿನದು, ಪರ್ಫಾರ್ಮೆನ್ಸ್ ನಿಜವಾದದ್ದು. ಅಂದಕ್ಕೆ ಮರುಳಾದವನು ಹೊಸಬ, ಅಂಕಿಯನ್ನು ಬಲ್ಲವನು ಪಳಗಿದವನು. ಕಾರುಗಳ ಬಗ್ಗೆ ಬರೆಯುವವರಲ್ಲೂ ಹೆಚ್ಚಿನವರ ಧಾಟಿ ಇದೇ. ಸಾರ್ವಜನಿಕ ರಸ್ತೆಯ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ ಎಂದು ನನ್ನ ವಾದ.

ಯೋಚಿಸಿ ನೋಡಿ. ಕಾರಿನ ಅಂದವನ್ನು ಅತಿ ಕಡಿಮೆ ನೋಡುವವನು ಅದರ ಯಜಮಾನ. ಅವನು ಒಳಗೆ ಕೂತಿರುತ್ತಾನೆ. ಬಾನೆಟ್ಟಿನ ಗೆರೆ, ಛಾವಣಿ ಹಿಂದಕ್ಕೆ ಇಳಿದು ಡಿಕ್ಕಿಗೆ ಕೂಡುವ ಬಾಗು, ಸಂಜೆ ಬೆಳಕಿನಲ್ಲಿ ಬಾಗಿಲ ಮೇಲೆ ಓಡುವ ನೆರಳು, ಇವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ, ಎಳನೀರು ಮಾರುವವರಿಗೆ, ಎದುರಿನಿಂದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬರುವವರಿಗೆ ಬಿಟ್ಟಿಯಾಗಿ ಸಿಗುತ್ತವೆ. ಎಸ್‌ಯುವಿಗಳ ಈ ಕಾಲದಲ್ಲಿ ತಗ್ಗಿನ ಸೆಡಾನ್ ಒಂದು ಹಾದುಹೋದರೆ ಕಣ್ಣಿಗೆ ತಂಪು ಕೂಡ. ವೇಗ ಹಾಗಲ್ಲ. ಅದರ ಸುಖ ಪೆಡಲ್ ಮೇಲೆ ಕಾಲಿಟ್ಟವನೊಬ್ಬನದು, ಹೆಚ್ಚೆಂದರೆ ಪಕ್ಕದಲ್ಲಿ ಕೂತವನದು. ಬೆಲೆ ತೆರುವವರು ಹೊರಗಿರುತ್ತಾರೆ.

ಆ ಬೆಲೆ ಎಷ್ಟು ಎಂದು ಲೆಕ್ಕ ಹಾಕಬಹುದು. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಹೆದ್ದಾರಿ 648 ಹಳ್ಳಿಗಳನ್ನು ಸೀಳಿಕೊಂಡು ಹೋಗುತ್ತದೆ. ಮನೆ ಈಚೆ, ಹೊಲ ಆಚೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಯ ಒಂದು ಬದಿಯ ಹತ್ತು ಮೀಟರು ದಾಟಬೇಕು. ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆ ಎಂದರೆ ಎಂಟು ಸೆಕೆಂಡು ಚಿಲ್ಲರೆ ಬೇಕು. 250 ಮೀಟರ್ ದೂರದಲ್ಲಿ ಒಂದು ಕಾರು ಕಾಣುತ್ತದೆ. 80ರ ವೇಗದಲ್ಲಿ ಅದು ಅವಳಿರುವಲ್ಲಿಗೆ ಬರಲು 11 ಸೆಕೆಂಡು, ಅವಳು ದಾಟಿರುತ್ತಾಳೆ. 160ರಲ್ಲಿ ಐದೂವರೆ ಸೆಕೆಂಡು. ಅವಳ ಅಂದಾಜು ತಪ್ಪಿದ್ದಲ್ಲ. ದಿನವೂ ನೋಡಿದ ಕಾರುಗಳಿಂದ ಕಲಿತ ಅಂದಾಜು ಅದು, ಸರಿಯಾಗಿಯೇ ಇತ್ತು. ಆ ಅಂದಾಜನ್ನು ಕಾರಿನವನು ಅವಳಿಗೆ ಹೇಳದೆ ಸುಳ್ಳು ಮಾಡಿದ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿ ಎಂಬುದು ಹೈಸ್ಕೂಲಿನ ಪಾಠ. ನನಗೆ ಮುಖ್ಯವಾಗಿ ಕಾಣುವುದು ಈ ಮೊದಲಿನ ಸಂಗತಿ. ಅಪಘಾತ ಆಗದೇ ಹೋದರೂ ಅವಳದ್ದೊಂದು ಹೋಯಿತು. ಇನ್ನು ಮೇಲೆ ಅವಳು ತನ್ನ ಕಣ್ಣನ್ನೇ ನಂಬಲಾರಳು.

ಕಾನೂನು ಇದನ್ನು ತನ್ನ ರೀತಿಯಲ್ಲಿ ಗುರುತಿಸಿದೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದರೆ ಬರೀ ದಂಡವಲ್ಲ, ಎಫ್‌ಐಆರ್. ಹುಡುಗರ ಮೆಚ್ಚಿನ ಸೆಡಾನ್‌ಗಳಿಗೆ ಕಂಪನಿಯವರೇ ಹಾಕಿದ ಮಿತಿ 250. ಅಂದರೆ ಕೊಟ್ಟ ದುಡ್ಡಿನಲ್ಲಿ ಎಷ್ಟೋ ಭಾಗ ಅಪರಾಧವಾಗದೆ ಬಳಸಲಾಗದ ಕಸುವಿಗೆ ಹೋಗುತ್ತದೆ. ಹೊಸಕೋಟೆಯಲ್ಲಿ ಕಾರ್ಖಾನೆ ಇರುವ ವೋಲ್ವೋ 2020ರಿಂದ ತನ್ನ ಕಾರುಗಳ ವೇಗವನ್ನು 180ಕ್ಕೆ ಕಟ್ಟಿಹಾಕಿದೆ. ಅದನ್ನು ಹೇಳಿದರೆ ನಮ್ಮ ಹುಡುಗರು ಮುಖ ಸಿಂಡರಿಸುತ್ತಾರೆ. ಓಡಿಸುವವನ ವಿವೇಕಕ್ಕೆ ಬಿಡಬೇಕಾದ್ದನ್ನು ಕಂಪನಿ ಏಕೆ ನಿರ್ಧರಿಸಬೇಕು? ಈ ಆಕ್ಷೇಪದಲ್ಲಿ ಹುರುಳಿದೆ. ಮಾಡಲು ಸಾಧ್ಯವಿದ್ದೂ ಮಾಡದಿರುವವನದೇ ಸಂಯಮ, ಮಾಡಲಾಗದವನದು ಸಂಯಮವಲ್ಲ. ಆದರೆ ಆ ಸಂಯಮದ ಪರೀಕ್ಷೆ ಹುಲ್ಲಿನ ಹೊರೆಯವಳ ಮೈಮೇಲೆ ನಡೆಯುವುದಾದರೆ ಅವಳನ್ನೂ ಒಂದು ಮಾತು ಕೇಳಬೇಕಲ್ಲ?

ವೇಗದ ಸುಖವನ್ನು ನಾನು ಹಗುರ ಮಾಡುತ್ತಿಲ್ಲ. ಬಂಧುವೊಬ್ಬರು ತಮ್ಮ ಎಂ340ಐನಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ, ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಕರೆದೊಯ್ದಿದ್ದರು. ಟೋಲ್ ದಾಟಿ ಹೊರಟಾಗ ಸೀಟು ಬೆನ್ನನ್ನು ಹಿಡಿದು ನೂಕಿತು, ಹೊಟ್ಟೆಯಲ್ಲಿ ಉಯ್ಯಾಲೆಯ ಹಿಮ್ಮರಳು ಆದಂತೆ ಏನೋ ಆಯಿತು, ನಾನು ಮಗುವಿನ ಹಾಗೆ ನಕ್ಕೆ. 120 ಮುಟ್ಟಿದಾಗ ಅವರು ಕಾಲು ಸಡಿಲಿಸಿದರು. ಕೆಲವೇ ಸೆಕೆಂಡು ಅಷ್ಟೆ. ಆರು ಸಿಲಿಂಡರಿನ ಆ ದನಿಗೆ ಸಂಗೀತ ಎಂದರೆ ತಪ್ಪಾಗದು. ಅದೇ ಕಾರು ತಿರುವಿನಲ್ಲಿ ನೆಲ ಬಿಡದೆ ನಿಂತ ರೀತಿ, ಬ್ರೇಕ್ ಒತ್ತಿದಾಗ ಮೂಗು ಕುಕ್ಕದೆ ನಿಂತ ರೀತಿ ಇನ್ನೂ ಹೆಚ್ಚಿಗೆ ಹಿಡಿಸಿತು. ಪರ್ಫಾರ್ಮೆನ್ಸ್ ಅಂದರೆ ಇದೂ ಹೌದಲ್ಲ! ನಿಲ್ಲುವ ಶಕ್ತಿಯ ಲಾಭ ರಸ್ತೆಯವರಿಗೂ ಸಿಗುತ್ತದೆ. ಆದರೂ ಕಾರಿಡಾರಿನ ವಾದಗಳಲ್ಲಿ ಝೀರೋ ಟು ಹಂಡ್ರೆಡ್ ನೂರು ಸಲ ಬರುತ್ತದೆ, ಹಂಡ್ರೆಡ್ ಟು ಝೀರೋ ಎಷ್ಟು ಮೀಟರಿಗೆ ಎಂದು ಒಬ್ಬನೂ ಕೇಳಿದ್ದಿಲ್ಲ.

ಹಾಗೆಂದು ಅಂದವೆಲ್ಲ ಮುಗ್ಧ ಎಂದೂ ಅಲ್ಲ. ಈಚಿನ ಕಾರುಗಳ ಮುಖ ನೋಡಿ, ಹುಬ್ಬು ಗಂಟಿಕ್ಕಿದ ದೀಪಗಳು, ಹಲ್ಲು ಕಿರಿದ ಗ್ರಿಲ್. ಮುಂದಿನವನ ಕನ್ನಡಿಯಲ್ಲಿ ಕಂಡು ಅವನು ಪಕ್ಕಕ್ಕೆ ಸರಿಯಲಿ ಎಂದೇ ಬರೆದ ಮುಖಗಳಿವು. ಇನ್ನು ಸುಳ್ಳು ಅಲಂಕಾರ. ಗಾಳಿ ಹೋಗದ ಗಾಳಿಕಿಂಡಿ, ಹೊಗೆ ಬಾರದ ಎಕ್ಸಾಸ್ಟ್ ತುದಿ. ಎರಡನೆಯ ದಶಕದ ಬಿಎಂಡಬ್ಲ್ಯು ಎಂ5ನಲ್ಲಿ ಎಂಜಿನ್ ಸದ್ದನ್ನು ಸ್ಪೀಕರಿನಿಂದಲೂ ಕೇಳಿಸುತ್ತಿದ್ದರು. ಇಂಥವನ್ನು ಕಂಡರೆ ಹುಡುಗರಿಗೆ ಉರಿದುಹೋಗುತ್ತದೆ, ಆ ಉರಿ ನೈತಿಕವಾದದ್ದು. ಮೋಸ ಎನ್ನುತ್ತಾರೆ. ಸರಿಯೇ. ಘಾಟಿಯ ಎತ್ತಿನ ಕೊಂಬಿಗೂ ಹಿತ್ತಾಳೆಯ ಕೊಡಣಸು ಹಾಕಿರುತ್ತಾರೆ, ಆದರೆ ಅದು ತಾನು ಒಡವೆ ಎಂದೇ ಹೇಳಿಕೊಳ್ಳುತ್ತದೆ. ಹುಸಿ ಎಕ್ಸಾಸ್ಟ್ ಒಡವೆಯಾಗಿದ್ದೂ ತಾನು ಕಸುವು ಎನ್ನುತ್ತದೆ.

ಈ ಮಾತನ್ನೆಲ್ಲ ತರಗತಿ ಮುಗಿದ ಮೇಲೆ ಹೇಳುತ್ತಿದ್ದಾಗ ನೇಕಾರರ ಮನೆಯ ಒಬ್ಬ ಹುಡುಗ, ಬಿ.ಎ. ಎರಡನೇ ವರ್ಷದವನು, ನನ್ನ ಬುಡಕ್ಕೇ ಕೊಡಲಿ ಹಾಕಿದ. “ಸಾರ್, ಅಂದ ಎಲ್ಲರದು, ವೇಗ ಒಬ್ಬನದು ಅಂದ್ರಿ. ಆದ್ರೆ ಆ ಕಾರು ಚೆನ್ನಾಗಿ ಕಾಣೋದೇ ಅದು ಓಡುತ್ತೆ ಅಂತ. ಓಡದೇ ಇರೋದಾದ್ರೆ ಆ ಗೆರೆಗೆಲ್ಲ ಏನರ್ಥ? ಹೂಡದೇ ಕಟ್ಟಿಹಾಕಿದ ಎತ್ತಿನ ಥರ ಆಗಲ್ವಾ?”

ಅವನು ಕಾಂಟನನ್ನು ಓದಿಲ್ಲ. ಕಾಂಟ್ ಮಾತ್ರ ಅವನ ಪಕ್ಷದಲ್ಲೇ ನಿಂತಿದ್ದಾನೆ. ಹೂವಿನ ಅಂದ ಸ್ವತಂತ್ರ, ಕುದುರೆಯ ಅಂದ ಹಾಗಲ್ಲ, ಕುದುರೆ ಯಾವುದಕ್ಕಾಗಿ ಇದೆ ಎಂಬ ಕಲ್ಪನೆಗೆ ಅದು ಅಂಟಿಕೊಂಡಿದೆ ಎಂದು ಅದೇ ಪುಸ್ತಕದಲ್ಲಿ ಅವನು ಬೇರೆ ಮಾಡುತ್ತಾನೆ. ಸ್ಪೋರ್ಟ್ಸ್ ಸೆಡಾನ್ ಕುದುರೆಯ ಜಾತಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾವು ಸವಿಯುವ ಆ ಬಾಗು, ಹೆದ್ದಾರಿಯಲ್ಲಿ ನಾವು ಬೇಡ ಎನ್ನುವ ವೇಗದ ಭರವಸೆಯಿಂದಲೇ ಹುಟ್ಟಿದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ನಾನು ಅಂದುಕೊಂಡಷ್ಟು ಸಲೀಸಲ್ಲ.

ನಾನು ಕೊಡಬಲ್ಲ ಉತ್ತರ ಇಷ್ಟು: ಎತ್ತಿನ ಗಾಡಿ ಓಟಕ್ಕೂ ಒಂದು ಅಂಕಣ ಇರುತ್ತದೆ. ಸುತ್ತ ನಿಂತವರು ಎತ್ತು ಓಡುತ್ತದೆ ಎಂದು ಗೊತ್ತಿದ್ದೇ ಬಂದು ನಿಂತಿರುತ್ತಾರೆ. ಅದೇ ಜೋಡಿಯನ್ನು ಅದೇ ವೇಗದಲ್ಲಿ ಸಂತೆ ಬೀದಿಗೆ ಬಿಟ್ಟರೆ ಊರವರು ಸುಮ್ಮನಿರುವುದಿಲ್ಲ. ವೇಗ ಕೆಟ್ಟದ್ದಲ್ಲ, ಒಪ್ಪಿಗೆ ಇಲ್ಲದವರ ನಡುವಿನ ವೇಗ ಕೆಟ್ಟದ್ದು. ಕಾರಿಗೂ ಅಂಕಣವಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಎಷ್ಟೋ ವರ್ಷಗಳಿಂದ ಇದೆ. ಹೊಸಕೋಟೆಯಿಂದ ಹೊರಡುವ 262 ಕಿ.ಮೀ. ಎಕ್ಸ್‌ಪ್ರೆಸ್‌ವೇಯ ಇನ್ನೊಂದು ತುದಿ ಶ್ರೀಪೆರಂಬುದೂರು, ಟ್ರ್ಯಾಕ್ ಅದರ ಮಗ್ಗುಲಲ್ಲೇ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ಅಂದ್ರೆ ಟ್ರ್ಯಾಕ್ ಸಿಗೋವರೆಗೂ 120ರಲ್ಲೇ ಹೋಗ್ಬೇಕು, ಅಲ್ವಾ ಸಾರ್? ಎರಡು ಗಂಟೆ ಚಿಲ್ಲರೆ ಆಗುತ್ತೆ,” ಎಂದ. ಆಮೇಲೆ ಬ್ಯಾಗು ಹೆಗಲಿಗೇರಿಸಿ, ಅಪ್ಪನ ಸ್ಪ್ಲೆಂಡರ್ ನಿಲ್ಲಿಸಿದ್ದ ಕಡೆ ಹೊರಟ. ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುವುದಿಲ್ಲ.