ಶ್ರುತಾಕ್ಷರಗಳ ಎಣಿಕೆ ಮತ್ತು ಉಳಿದ ಶೇಷ



ಜ್ಯೇಷ್ಠ ಶುದ್ಧ ಪಂಚಮಿಯಂದು ಉಪವಾಸವನ್ನೋ ಏಕಾಶನವನ್ನೋ ಕೈಕೊಂಡು ಶ್ರುತಸ್ಕಂಧವನ್ನು ಪೂಜಿಸುವ ಶ್ರಾವಕ-ಶ್ರಾವಿಕೆಯರು ಶ್ರುತದ ಅಪುನರುಕ್ತ ಅಕ್ಷರಗಳ ಸಂಖ್ಯೆಯನ್ನು ಕೇಳಿರುತ್ತಾರೆ: 18446744073709551615. ಇಪ್ಪತ್ತು ಅಂಕಗಳ ಈ ರಾಶಿಗೆ ಕೈಮುಗಿದು ಸುಮ್ಮನಾಗುವವರೇ ಹೆಚ್ಚು. ಶಾಲೆಯಲ್ಲಿ ಗಣಿತ ಕಲಿಯುವ ಮೊಮ್ಮಗನು, "ಅಜ್ಜೀ, ಇದು ಬರಿಯ ಹೊಗಳಿಕೆಯ ಮಾತಲ್ಲವೇ?" ಎಂದು ಕೇಳಿದರೆ ಉಪವಾಸವಿದ್ದ ಅಜ್ಜಿಗೆ ಉತ್ತರ ತೋಚದು. ಉತ್ತರವು ಲೆಕ್ಕದಲ್ಲಿಯೇ ಇದೆ.

ಮೂಲವರ್ಣಗಳು 64. ಹ್ರಸ್ವ, ದೀರ್ಘ, ಪ್ಲುತ ಭೇದದಿಂದ ಸ್ವರಗಳು 27, ವ್ಯಂಜನಗಳು 33, ಯೋಗವಾಹಗಳು 4. ಇವು ಒಂದೊಂದಾಗಿಯೂ ಹಲವು ಕೂಡಿಯೂ ಎಷ್ಟು ಭಂಗಗಳಾಗುವುವು? ಮೂರೇ ವರ್ಣಗಳನ್ನು ಹಿಡಿದು ನೋಡಿರಿ: ಏಕಸಂಯೋಗಿ 3, ದ್ವಿಸಂಯೋಗಿ 3, ತ್ರಿಸಂಯೋಗಿ 1, ಒಟ್ಟು 7. ನಾಲ್ಕು ವರ್ಣಗಳಿಗೆ 15. ಯಾವುದೇ ಭಂಗದಲ್ಲಿ ಒಂದು ವರ್ಣವು ಇರುತ್ತದೆ, ಇಲ್ಲವೇ ಇರುವುದಿಲ್ಲ. ಆದುದರಿಂದ ಎರಡನ್ನು 64 ಬಾರಿ ಇಟ್ಟು ಪರಸ್ಪರ ಗುಣಿಸಬೇಕು. ಒಂದು ವರ್ಣವೂ ಇಲ್ಲದ ಶೂನ್ಯಭಂಗವು ಅಕ್ಷರವಾಗದ ಕಾರಣ ಒಂದನ್ನು ಕಳೆಯಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ತಿಳಿಸಿದ ಕ್ರಮವೂ ಇದೇ.

ಗುಣಾಕಾರದ ಶ್ರಮವೂ ಅಷ್ಟಿಲ್ಲ. 2ರ ವರ್ಗ 4, ಅದರ ವರ್ಗ 16, ಮುಂದೆ 256, 65536, 4294967296. ಆರನೆಯ ವರ್ಗವೇ 18446744073709551616. ಪೂರ್ವಾಚಾರ್ಯರು ಇದನ್ನು 'ಏಕಟ್ಠಿ' ಎಂದರು. ಅರ್ಧಿಸುತ್ತ ಹೋದರೆ ಸರಿಯಾಗಿ 64ನೆಯ ಸಲಕ್ಕೆ ಒಂದು ಉಳಿಯುವುದರಿಂದ ಇದರ ಅರ್ಧಚ್ಛೇದಗಳು 64. ಚದುರಂಗದ ಮನೆಮನೆಗೂ ಕಾಳು ಇಮ್ಮಡಿಸುವ ಕಥೆಯಲ್ಲಿ ಬರುವ ಒಟ್ಟು ಕಾಳುಗಳೂ ಏಕಟ್ಠಿಗೆ ಒಂದೇ ಕಡಿಮೆ. ಮಕ್ಕಳಿಗೆ ಹೀಗೆ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ.

ಇನ್ನು ಭಾಗಾಕಾರ. ಒಂದು ಮಧ್ಯಮಪದಕ್ಕೆ ಅಕ್ಷರಗಳು 16348307888. ಇದರಿಂದ ಭಾಗಿಸಿದಾಗ ಬರುವ 1128358005 ಪದಗಳು ಆಚಾರಾಂಗ ಮೊದಲಾದ ಹನ್ನೆರಡು ಅಂಗಗಳವು. ಇವೆರಡನ್ನು ಕಾಗದದ ಮೇಲೆ ಮರಳಿ ಗುಣಿಸಿದವರಿಗೆ ದೊರೆಯುವುದು 18446744073629443440. ಮೂಲರಾಶಿಗೆ ಇನ್ನೂ 80108175 ಕೊರತೆ. ಒಂದು ಪದದ ಇನ್ನೂರರಲ್ಲಿ ಒಂದು ಪಾಲೂ ಆಗದ ಶೇಷವಿದು. ಇಷ್ಟು ದೊಡ್ಡ ಲೆಕ್ಕದ ಕೊನೆಯ ಚಿಲ್ಲರೆಯನ್ನು ಅಂಗಡಿಯವನಾದರೆ ಬಿಟ್ಟುಬಿಟ್ಟಾನು. ಶಾಸ್ತ್ರಕಾರರು ಬಿಡಲಿಲ್ಲ. ಎಂಟು ಕೋಟಿ ಒಂದು ಲಕ್ಷ ಎಂಟು ಸಾವಿರದ ನೂರ ಎಪ್ಪತ್ತೈದು ಅಕ್ಷರಗಳ ಆ ಶೇಷವೇ ಅಂಗಬಾಹ್ಯ ಶ್ರುತ. ಹದಿನಾಲ್ಕು ಪ್ರಕೀರ್ಣಕಗಳು ಅದರೊಳಗಿನವು.

ಕಾಲದೋಷದಿಂದ ಅಂಗಗಳ ಪದರಾಶಿಯು ಲುಪ್ತವಾಯಿತು. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ-ಭೂತಬಲಿಗಳು ರಚಿಸಿದ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಮೂಡುಬಿದಿರೆಯ ತಾಳೆಯೋಲೆಗಳಲ್ಲಿ ಉಳಿದುಬಂದಿತು. ಅದರ ನೆನಪಿಗಾಗಿಯೇ ಈ ಪಂಚಮಿಯ ವ್ರತ. ಅಂದು ಸಂಜೆ ಅಜ್ಜಿಯು ಚಾಪೆ ಹಾಸಿ ಕುಳಿತು ಸಾಮಾಯಿಕ ಮಾಡುತ್ತಾಳೆ, ಪ್ರತಿಕ್ರಮಣ ಮಾಡುತ್ತಾಳೆ. ಭಾಗಿಸಿ ಉಳಿದ ಆ ಹದಿನಾಲ್ಕರಲ್ಲಿ ಸಾಮಾಯಿಕವು ಮೊದಲನೆಯದು, ಪ್ರತಿಕ್ರಮಣವು ನಾಲ್ಕನೆಯದು.